ಕ್ಲಿನಿಕ್ ಮುಚ್ಚುವಾಗ ರೋಗಿಗಳ ದಾಖಲೆಗಳನ್ನು ಏನು ಮಾಡಬೇಕು?

ನಿವೃತ್ತಿಗೆ ಸಿದ್ಧರಾಗಿರುವ ವೈದ್ಯರು, ಮಕ್ಕಳ ಬಳಿಗೆಂದು ಊರು ಬಿಡುತ್ತಿರುವವರು, ದೊಡ್ಡ ಆಸ್ಪತ್ರೆಯ ಕೆಲಸ ಒಪ್ಪಿಕೊಂಡು ಸ್ವಂತ ಕ್ಲಿನಿಕ್ ನಿಲ್ಲಿಸುತ್ತಿರುವವರು, ಹಠಾತ್ತನೆ ತೀರಿಕೊಂಡ ವೈದ್ಯರ ಮನೆಯವರು, ಹೀಗೆ ಬೇರೆ ಬೇರೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಕಪಾಟಿನಲ್ಲಿರುವ ಈ ಫೈಲುಗಳನ್ನು ಇನ್ನೆಷ್ಟು ವರ್ಷ ಇಟ್ಟುಕೊಳ್ಳಬೇಕು? ಅದಕ್ಕೆ ಉತ್ತರವಿದೆ, ಮುಂದೆ ವಿವರವಾಗಿ ಕೊಟ್ಟಿದ್ದೇನೆ. ಆದರೆ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಬೋರ್ಡು ಇಳಿಸಿದ ಮೇಲೆ ರೋಗಿಯೊಬ್ಬರು ತಮ್ಮ ದಾಖಲೆ ಬೇಕೆಂದು ಬಂದರೆ ಯಾರನ್ನು ಕೇಳಬೇಕು, ಬೀಗದ ಕೈ ಯಾರ ಹತ್ತಿರ ಇರುತ್ತದೆ? ಹತ್ತು ವರ್ಷ ಜೋಪಾನವಾಗಿ ಕಟ್ಟಿಟ್ಟ ಫೈಲು ಕೂಡ, ಅದು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದಿದ್ದರೆ, ರೋಗಿಯ ಪಾಲಿಗೆ ಇದ್ದೂ ಇಲ್ಲದಂತೆಯೇ.

ಈ ಲೇಖನ ಕರ್ನಾಟಕದಲ್ಲಿ ಸ್ವಂತ ಕ್ಲಿನಿಕ್ ಅಥವಾ ಸಣ್ಣ ನರ್ಸಿಂಗ್ ಹೋಂ ನಡೆಸುತ್ತಿರುವ ಅಲೋಪಥಿ ವೈದ್ಯರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ. ಆಯುಷ್ ವೈದ್ಯರಿಗೆ ವೃತ್ತಿ ನೀತಿಯ ನಿಯಮಗಳು ಬೇರೆ ಮಂಡಳಿಯವಾದರೂ ಕೆಲಸದ ಹಂತಗಳು ಬಹುಮಟ್ಟಿಗೆ ಇವೇ.

ಮೊದಲು ತಿಳಿದಿರಬೇಕಾದದ್ದು

ವೈದ್ಯರ ವೃತ್ತಿ ನಡವಳಿಕೆಗೆ ಇಂದಿಗೂ ಆಧಾರವಾಗಿರುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ. ಒಳರೋಗಿಗಳ, ಅಂದರೆ ದಾಖಲಾಗಿ ಚಿಕಿತ್ಸೆ ಪಡೆದವರ ದಾಖಲೆಯನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು ಎಂದೂ, ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ ಸ್ವೀಕೃತಿ ನೀಡಿ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದೂ ಅದು ಹೇಳುತ್ತದೆ. ಹಾಗೆ ಮಾಡದಿರುವುದನ್ನು ವೃತ್ತಿ ದುರ್ನಡತೆಯ ಪಟ್ಟಿಯಲ್ಲೇ ಸೇರಿಸಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿಯೊಂದನ್ನು ಹೊರಡಿಸಿತು. ಅದೇ ತಿಂಗಳ 23ರಂದು ತಾನೇ ಅದನ್ನು ತಡೆಹಿಡಿದು 2002ರ ನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. ವೈದ್ಯರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಟಿಪ್ಪಣಿಗಳಲ್ಲಿ ಕೆಲವು ತಡೆಹಿಡಿದ ಆ ನಿಯಮಗಳನ್ನೇ ಇಂದಿನ ಕಾನೂನೆಂದು ತೋರಿಸುತ್ತವೆ. ಅವನ್ನು ನಂಬಿ ದಿನ ಲೆಕ್ಕ ಹಾಕಬೇಡಿ.

ದಾಖಲೆ ಯಾರ ಸೊತ್ತು ಎಂಬ ಗೊಂದಲವೂ ಇದೆ. ಕಾಗದ, ಫೈಲು, ಕಂಪ್ಯೂಟರು ನಿಮ್ಮವು. ಅವುಗಳೊಳಗಿನ ಮಾಹಿತಿ ರೋಗಿಯದು. ನೀವು ಅದನ್ನು ಕಾಯುವವರು ಮಾತ್ರ. ಆದ್ದರಿಂದ ಕ್ಲಿನಿಕ್ಕಿನ ಪೀಠೋಪಕರಣ, ಸ್ಕ್ಯಾನಿಂಗ್ ಯಂತ್ರ, ಬಾಡಿಗೆ ಕರಾರುಗಳನ್ನು ವರ್ಗಾಯಿಸುವ ಹಾಗೆ ಫೈಲುಗಳನ್ನೂ ಸಾಮಾನಿನ ಪಟ್ಟಿಯಲ್ಲಿ ಸೇರಿಸಿ ಬೆಲೆ ಕಟ್ಟಲು ಬರುವುದಿಲ್ಲ.

ಹಂತ 1: ಏನೇನಿದೆ ಎಂದು ಪಟ್ಟಿ ಮಾಡಿ

ಹೊರರೋಗಿಗಳನ್ನು ಮಾತ್ರ ನೋಡುವ ಕ್ಲಿನಿಕ್ಕಾದರೆ ಮುಚ್ಚುವ ದಿನಕ್ಕಿಂತ ಕನಿಷ್ಠ ಮೂರು ತಿಂಗಳು ಮೊದಲು, ಹಾಸಿಗೆಗಳಿರುವ ನರ್ಸಿಂಗ್ ಹೋಂ ಆದರೆ ಆರು ತಿಂಗಳು ಮೊದಲು ಈ ಕೆಲಸ ಆರಂಭಿಸಿ. ‘ನಮ್ಮಲ್ಲಿ ದಾಖಲೆ ಏನೂ ಇಲ್ಲ, ಚೀಟಿಯನ್ನು ರೋಗಿಯ ಕೈಗೇ ಕೊಟ್ಟು ಕಳಿಸುತ್ತೇವೆ’ ಎಂದು ಅನೇಕ ವೈದ್ಯರು ಹೇಳುತ್ತಾರೆ. ಹುಡುಕಿದರೆ ಸಿಗುವುದು ಬಹಳ: ಕೇಸ್ ಶೀಟು, ಒಪ್ಪಿಗೆ ಪತ್ರ, ಹೆರಿಗೆ ರಿಜಿಸ್ಟರು, ಆಪರೇಷನ್ ಥಿಯೇಟರಿನ ರಿಜಿಸ್ಟರು, ಲಸಿಕೆ ಪುಸ್ತಕ, ಎಕ್ಸ್‌ರೇ ಫಿಲ್ಮು, ಇಸಿಜಿ ಪಟ್ಟಿ, ಲ್ಯಾಬಿನ ಪ್ರತಿಗಳು, ಕೊಟ್ಟ ವೈದ್ಯಕೀಯ ಪ್ರಮಾಣಪತ್ರಗಳ ರಿಜಿಸ್ಟರು, ರಿಸೆಪ್ಷನ್ನಿನ ಟೋಕನ್ ಪುಸ್ತಕ. ಇವುಗಳ ಜೊತೆಗೆ ಕ್ಲಿನಿಕ್ಕಿನ ಮೊಬೈಲಿನಲ್ಲಿ ರೋಗಿಗಳು ಕಳಿಸಿದ ವರದಿಗಳ ಫೋಟೋಗಳು, ಬಿಲ್ಲಿಂಗ್ ತಂತ್ರಾಂಶ, ಸಿಬ್ಬಂದಿಯ ಪೆನ್‌ಡ್ರೈವ್ ಕೂಡ ಪಟ್ಟಿಗೆ ಸೇರಬೇಕು.

ಎಲ್ಲರೂ ಮರೆಯುವ ಪುಸ್ತಕವೊಂದಿದೆ. ಆದಾಯ ತೆರಿಗೆಯ 1962ರ ನಿಯಮಗಳಲ್ಲಿನ 6ಎಫ್ ನಿಯಮದಂತೆ ವೈದ್ಯರು ಬರೆದಿಡುವ ಫಾರಂ 3ಸಿ, ಅಂದರೆ ದಿನವಹಿ ಕೇಸ್ ರಿಜಿಸ್ಟರು. ಅದರಲ್ಲಿ ರೋಗಿಯ ಹೆಸರು, ನೀಡಿದ ಸೇವೆ, ಪಡೆದ ಶುಲ್ಕ ಮೂರೂ ಇರುತ್ತವೆ. ಆ ನಿಯಮದ ಪ್ರಕಾರ ಸಂಬಂಧಪಟ್ಟ ತೆರಿಗೆ ನಿರ್ಧಾರಣಾ ವರ್ಷ ಮುಗಿದ ಮೇಲೆ 6 ವರ್ಷ ಅದನ್ನು ಇಡಬೇಕು. ಲೆಕ್ಕದ ಪುಸ್ತಕವೆಂದು ಆಡಿಟರ ಕಚೇರಿಯ ಮೂಲೆಯಲ್ಲಿ ಬಿದ್ದಿರುವ ಈ ರಿಜಿಸ್ಟರು ರೋಗಿಗಳ ದಾಖಲೆಯೂ ಹೌದು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ, ಯಾವ ವರ್ಷದ ಪುಸ್ತಕಕ್ಕೆ ಯಾವ ನಿಯಮವೆಂದು ಆಡಿಟರ ಬಳಿಯೇ ಬರೆಸಿಟ್ಟುಕೊಳ್ಳಿ.

ಹಂತ 2: ವಿಂಗಡಿಸಿ, ಅವಧಿ ನಿಗದಿ ಮಾಡಿ

ವರ್ಷದ ಪ್ರಕಾರ ಕಟ್ಟು ಕಟ್ಟುವುದು ಸುಲಭ, ಆದರೆ ಅದರಿಂದ ಉಪಯೋಗ ಕಡಿಮೆ. ಮೊದಲು ಬೇರೆ ಮಾಡಬೇಕಾದದ್ದು ಈಗ ಚಿಕಿತ್ಸೆಯಲ್ಲಿರುವವರ ಫೈಲುಗಳನ್ನು. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಮೂರ್ಛೆರೋಗ, ಮಾನಸಿಕ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, ಲಸಿಕೆಗಳು ಅರ್ಧಕ್ಕೆ ಬಂದಿರುವ ಮಕ್ಕಳು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ಈ ಗುಂಪಿಗೆ ಸೇರುತ್ತಾರೆ. ಕ್ಷಯರೋಗದ ಚಿಕಿತ್ಸೆಯಲ್ಲಿರುವವರನ್ನು ಸರ್ಕಾರದ ಕ್ಷಯರೋಗಿ ನೋಂದಣಿ ಜಾಲತಾಣವಾದ ನಿಕ್ಷಯ್ ಪೋರ್ಟಲ್‌ನಲ್ಲಿ ಮುಂದಿನ ಚಿಕಿತ್ಸಾ ಕೇಂದ್ರಕ್ಕೆ ವರ್ಗಾಯಿಸಬೇಕು, ಇಲ್ಲದಿದ್ದರೆ ಮಾತ್ರೆ ನಿಂತು ಹೋಗುತ್ತದೆ.

ಈ ಗುಂಪಿನೊಳಗೇ ಅತಿ ಅಪಾಯದಲ್ಲಿರುವವರು ವರದಿ ಬರಬೇಕಾದವರು. ಬಯಾಪ್ಸಿಗೆ ಕಳಿಸಿರುತ್ತೀರಿ, ಪ್ಯಾಪ್ ಸ್ಮಿಯರ್ ಮಾಡಿಸಿರುತ್ತೀರಿ, ಕಫದ ಕಲ್ಚರ್ ಕೊಟ್ಟಿರುತ್ತೀರಿ. ವರದಿ ಕ್ಲಿನಿಕ್ಕಿನ ವಿಳಾಸಕ್ಕೆ ಬರುವ ಹೊತ್ತಿಗೆ ಅಲ್ಲಿ ಬಾಗಿಲು ಹಾಕಿರುತ್ತದೆ. ರೋಗಿ ‘ಏನಾದರೂ ಇದ್ದಿದ್ದರೆ ಡಾಕ್ಟರು ಹೇಳುತ್ತಿದ್ದರು’ ಎಂದು ಸುಮ್ಮನಿರುತ್ತಾರೆ. ಆದ್ದರಿಂದ ಕೊನೆಯ ಎರಡು ತಿಂಗಳಲ್ಲಿ ಹೊರಗೆ ಕಳಿಸಿದ ಪ್ರತಿ ಪರೀಕ್ಷೆಯನ್ನೂ ಬೇರೆ ಪುಸ್ತಕದಲ್ಲಿ ಬರೆಯಿರಿ, ವರದಿ ಬಂದು ರೋಗಿಗೆ ತಿಳಿಸಿದ ದಿನಾಂಕ ಹಾಕದೆ ಆ ಸಾಲನ್ನು ಮುಗಿಸಬೇಡಿ. ಕೊನೆಯ ದಿನವೂ ಖಾಲಿ ಉಳಿದ ಸಾಲುಗಳಿದ್ದರೆ ಲ್ಯಾಬಿಗೆ ಹೊಸ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಲಿಖಿತವಾಗಿ ಕೊಡಿ.

ಎರಡನೆಯ ಗುಂಪು, ಯಾವ ಕಾರಣಕ್ಕೂ ಕೈ ಹಾಕಬಾರದ ಫೈಲುಗಳದು. ಎಂಎಲ್‌ಸಿ, ಅಂದರೆ ಅಪಘಾತ, ಹಲ್ಲೆ, ವಿಷ ಸೇವನೆ, ಸುಟ್ಟ ಗಾಯ ಮುಂತಾಗಿ ಪೊಲೀಸರಿಗೆ ತಿಳಿಸಿದ ಪ್ರಕರಣಗಳು; ದೂರು ಅಥವಾ ನೋಟಿಸ್ ಬಂದಿರುವ ಪ್ರಕರಣಗಳು; ವಿಮೆಯ ತಕರಾರು ಬಾಕಿ ಇರುವವು. ಇವನ್ನು ಪ್ರಕರಣ ಅಂತಿಮವಾಗಿ ಮುಗಿಯುವವರೆಗೆ, ಮೇಲ್ಮನವಿಯೂ ಸೇರಿ, ಮೂಲ ರೂಪದಲ್ಲೇ ಇಡಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ಚಿಕಿತ್ಸೆ ನೀಡಿದ ವೈದ್ಯರಿಗೆ ಸಮನ್ಸ್ ಬರುವುದು ನಮ್ಮಲ್ಲಿ ಸಾಮಾನ್ಯ. ನಿವೃತ್ತರಾಗಿದ್ದೇನೆ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. ನೀವು ಬರೆದುಕೊಟ್ಟ ಗಾಯದ ಪ್ರಮಾಣಪತ್ರದ ಪ್ರತಿ ಸಿಗದಿದ್ದರೆ ನಷ್ಟವಾಗುವುದು ಕಾಲು ಮುರಿದುಕೊಂಡ ಕೂಲಿಕಾರನಿಗೆ.

ಉಳಿದವುಗಳ ಅವಧಿ ಹೀಗೆ. ಒಳರೋಗಿಗಳ ದಾಖಲೆಗೆ ನಿಯಮ ಹೇಳುವುದು 3 ವರ್ಷ. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2019ರ ಕಾಯ್ದೆಯಲ್ಲಿರುವ ಕಾಲಮಿತಿ 2 ವರ್ಷ, ಸಕಾರಣವಿದ್ದರೆ ಆಯೋಗ ತಡವನ್ನು ಮನ್ನಿಸಬಹುದು. ಇವೆರಡನ್ನೂ ನೋಡಿ 3 ವರ್ಷಕ್ಕೆ ಎಲ್ಲವನ್ನೂ ಹರಿದುಹಾಕುವವರಿದ್ದಾರೆ. ಆ 3 ವರ್ಷ ಕನಿಷ್ಠ ಮಿತಿ, ಅದಕ್ಕಿಂತ ಹೆಚ್ಚು ಇಡಬಾರದೆಂದು ಎಲ್ಲಿಯೂ ಇಲ್ಲ. ಹೊರರೋಗಿಗಳ ಫೈಲನ್ನು ಕೊನೆಯ ಭೇಟಿಯಿಂದ ಕನಿಷ್ಠ 5 ವರ್ಷ, ಒಳರೋಗಿಗಳದನ್ನು 7 ವರ್ಷ ಇಡಿ ಎಂಬುದು ನನ್ನ ಸಲಹೆ. ಇದು ಕಾನೂನಿನ ಮಾತಲ್ಲ, ಅನುಭವದ ಮಾತು.

ಮಕ್ಕಳ ಫೈಲಿಗೆ ಲೆಕ್ಕ ಬೇರೆ. ಅಪ್ರಾಪ್ತ ವಯಸ್ಕರಿಗೆ ಸಿವಿಲ್ ದಾವೆಯ ಕಾಲಮಿತಿ 18 ತುಂಬಿದ ಮೇಲೆ ಆರಂಭವಾಗುವ ಅವಕಾಶ 1963ರ ಕಾಲಮಿತಿ ಕಾಯ್ದೆಯಲ್ಲಿದೆ. ಆದ್ದರಿಂದ ಮಗುವಿಗೆ 21 ವರ್ಷ ತುಂಬುವವರೆಗೆ ಇಡುವುದು ಕ್ಷೇಮ. ಹೆರಿಗೆಯ ಕೇಸ್ ಶೀಟು ತಾಯಿಯದು ಮಾತ್ರವಲ್ಲ, ಅಂದು ಹುಟ್ಟಿದ ಮಗುವಿನ ದಾಖಲೆಯೂ ಹೌದೆಂಬುದನ್ನು ಮರೆಯಬಾರದು. ಹೆರಿಗೆ ರಿಜಿಸ್ಟರನ್ನಂತೂ ಎಂದಿಗೂ ನಾಶ ಮಾಡಬೇಡಿ. ಜನನ ನೋಂದಣಿಯಾಗದೆ ಉಳಿದವರು ಪಾಸ್‌ಪೋರ್ಟಿಗೋ ನೌಕರಿಗೋ ಅರ್ಜಿ ಹಾಕುವಾಗ ಆ ಒಂದು ಸಾಲಿಗಾಗಿ ಅಲೆಯುತ್ತಾರೆ. ಮಕ್ಕಳ ಕ್ಲಿನಿಕ್ಕಿನ ಲಸಿಕೆ ಪುಸ್ತಕವೂ ಹಾಗೆಯೇ. ಅಮೆರಿಕದ ವಿಶ್ವವಿದ್ಯಾಲಯಗಳು ದಡಾರದ ಲಸಿಕೆಗೆ ಪುರಾವೆ ಕೇಳಿದಾಗ ಇಲ್ಲಿಯ ಹುಡುಗ ಹುಡುಗಿಯರು ತಮ್ಮ ಬಾಲ್ಯದ ಡಾಕ್ಟರನ್ನು ಹುಡುಕಿಕೊಂಡು ಬರುತ್ತಾರೆ.

ಶಸ್ತ್ರಚಿಕಿತ್ಸೆಯ ಕೇಸ್ ಶೀಟಿನಲ್ಲಿ ಅಂಟಿಸಿರುವ ಸಣ್ಣ ಸ್ಟಿಕ್ಕರಿನ ಕಡೆ ಗಮನ ಕೊಡಿ. ಕಣ್ಣಿನ ಮಸೂರ, ಮೂಳೆಗೆ ಹಾಕಿದ ಪ್ಲೇಟು, ಹೃದಯದ ಸ್ಟೆಂಟು ಯಾವುದೇ ಇರಲಿ, ಅದರ ತಯಾರಕರು, ಮಾದರಿ, ಲಾಟ್ ಸಂಖ್ಯೆ ಇರುವುದು ಅದರಲ್ಲೇ. ಮುಂದೆ ಎಂಆರ್‌ಐ ಮಾಡಿಸುವಾಗಲೋ ಮರುಶಸ್ತ್ರಚಿಕಿತ್ಸೆಯಲ್ಲೋ ಆ ವಿವರ ಬೇಕಾಗುತ್ತದೆ. ಆ ಪುಟದ ನೆರಳಚ್ಚನ್ನು ರೋಗಿಗೆ ಈಗಲೇ ಕೊಡಿ.

ಪ್ರತ್ಯೇಕ ಕಾನೂನಿರುವ ದಾಖಲೆಗಳೂ ಇವೆ. ಗರ್ಭಿಣಿಯರ ಸ್ಕ್ಯಾನಿಂಗ್‌ಗೆ ಸಂಬಂಧಿಸಿದ ಫಾರಂ ಎಫ್, ಒಪ್ಪಿಗೆ ಪತ್ರ, ಚಿತ್ರಗಳನ್ನು ಪಿಸಿಪಿಎನ್‌ಡಿಟಿ ಕಾಯ್ದೆಯಂತೆ, ಅಂದರೆ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ, 2 ವರ್ಷ ಇಡಬೇಕು; ಮೊಕದ್ದಮೆ ಇದ್ದರೆ ಅದು ಮುಗಿಯುವವರೆಗೆ. ಗರ್ಭಪಾತದ ದಾಖಲಾತಿ ರಿಜಿಸ್ಟರನ್ನು ಅದರ ಕ್ಯಾಲೆಂಡರ್ ವರ್ಷ ಮುಗಿದ ಮೇಲೆ 5 ವರ್ಷ ಇಡಬೇಕು, ಅದೂ ಗೋಪ್ಯ ದಾಖಲೆಯಾಗಿ. ಆ ಮಹಿಳೆಯ ಗುರುತು ಹೊರಗೆ ಬಿಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಎಚ್‌ಐವಿ ಸೋಂಕಿತರ ಮತ್ತು ಮಾನಸಿಕ ಕಾಯಿಲೆ ಇರುವವರ ದಾಖಲೆಗಳ ಗೋಪ್ಯತೆಗೆ 2017ರ ಎರಡು ಕಾಯ್ದೆಗಳು ವಿಶೇಷ ರಕ್ಷಣೆ ಕೊಟ್ಟಿವೆ. ಈ ನಾಲ್ಕೂ ಬಗೆಯವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಮೊಹರು ಮಾಡಿ, ಪೆಟ್ಟಿಗೆಯ ಹೊರಗೆ ಸಂಖ್ಯೆ ಮಾತ್ರ ಬರೆಯಿರಿ. ಒಳಗೇನಿದೆ ಎಂದು ಬರೆಯಬೇಡಿ.

ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ವಿಂಗಡಿಸುವಾಗ ಅಪೂರ್ಣವಾದ ಕೇಸ್ ಶೀಟುಗಳು ಕಣ್ಣಿಗೆ ಬೀಳುತ್ತವೆ, ತುಂಬಿಸಬೇಕೆನ್ನಿಸುತ್ತದೆ. ಹಳೆಯ ಪುಟದಲ್ಲಿ ಒಂದಕ್ಷರವನ್ನೂ ತಿದ್ದಬೇಡಿ. ಸೇರಿಸಲೇಬೇಕಾದದ್ದಿದ್ದರೆ ಬೇರೆ ಹಾಳೆಯಲ್ಲಿ ಇಂದಿನ ದಿನಾಂಕ ಹಾಕಿ, ಸಹಿ ಮಾಡಿ, ಅದಕ್ಕೆ ಲಗತ್ತಿಸಿ.

ಹಂತ 3: ಯಾರ ವಶಕ್ಕೆ ಎಂದು ತೀರ್ಮಾನಿಸಿ

ಇಲ್ಲಿಯೇ ಎಲ್ಲ ಕೆಡುವುದು ಅಥವಾ ನೆಟ್ಟಗಾಗುವುದು. ದಾಖಲೆಗಳನ್ನು ಮುಂದೆ ಕಾಯುವ ವ್ಯಕ್ತಿಯನ್ನು ಇಲ್ಲಿ ಪಾಲಕರು ಎಂದು ಕರೆಯುತ್ತೇನೆ. ನಿಮ್ಮ ಜಾಗಕ್ಕೆ ಇನ್ನೊಬ್ಬ ವೈದ್ಯರು ಬರುತ್ತಿದ್ದರೆ ಅವರೇ ಪಾಲಕರಾಗುವುದು ಎಲ್ಲಕ್ಕಿಂತ ಅನುಕೂಲ, ಏಕೆಂದರೆ ರೋಗಿ ಅದೇ ಬಾಗಿಲಿಗೆ ಬರುತ್ತಾರೆ. ಹಾಗಿಲ್ಲದಿದ್ದರೆ ಅದೇ ಊರಿನ ಪರಿಚಯದ ನರ್ಸಿಂಗ್ ಹೋಂ ಒಂದರ ದಾಖಲೆ ಕೊಠಡಿ. ಅದೂ ಸಾಧ್ಯವಾಗದಿದ್ದರೆ ನಿಮ್ಮ ಮನೆ.

ಹೊಸ ವೈದ್ಯರಿಗೆ ಒಪ್ಪಿಸುವಾಗ ಬಾಯಿಮಾತು ಸಾಲದು, ಲಿಖಿತ ಒಪ್ಪಂದ ಬೇಕು. ಎಷ್ಟು ಫೈಲುಗಳು, ಯಾವ ವರ್ಷದಿಂದ ಯಾವ ವರ್ಷದವರೆಗಿನವು, ಎಷ್ಟು ಕಾಲ ಇಡಬೇಕು, ನಿಮಗೆ ಸಮನ್ಸ್ ಬಂದಾಗ ಮೂಲ ದಾಖಲೆಯನ್ನು ಎಷ್ಟು ದಿನದಲ್ಲಿ ಕೊಡಬೇಕು, ಅವರೂ ಕ್ಲಿನಿಕ್ ಮುಚ್ಚಿದರೆ ಮುಂದೇನು, ನಿಮ್ಮ ಒಪ್ಪಿಗೆಯಿಲ್ಲದೆ ನಾಶ ಮಾಡಬಾರದು ಎಂಬ ಷರತ್ತು, ಇಷ್ಟೂ ಅದರಲ್ಲಿರಲಿ. ಪ್ರತಿ ಪೆಟ್ಟಿಗೆಯ ಸಂಖ್ಯೆ ನಮೂದಿಸಿದ ಪಟ್ಟಿಗೆ ಇಬ್ಬರೂ ಸಹಿ ಮಾಡಿ.

ಇದರಲ್ಲಿ ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಕ್ಲಿನಿಕ್ ವಹಿಸಿಕೊಂಡವರು ಹಳೆಯ ಫೈಲುಗಳನ್ನೆಲ್ಲ ತೆರೆದು, ಫೋನ್ ಸಂಖ್ಯೆಗಳನ್ನು ತೆಗೆದು, ಪ್ರಚಾರದ ಸಂದೇಶ ಕಳಿಸತೊಡಗುತ್ತಾರೆ. ರೋಗಿ ಬಂದು ಒಪ್ಪಿದಾಗ ಮಾತ್ರ ಅವರ ಫೈಲು ತೆರೆಯಬೇಕು, ಅಲ್ಲಿಯವರೆಗೆ ಅದು ಕಾವಲಿನಲ್ಲಿರುವ ದಾಖಲೆ ಮಾತ್ರ. ಬೇರೆ ವೈದ್ಯರ ಬಳಿ ಹೋಗಲು ಬಯಸುವ ರೋಗಿಗೆ ಪ್ರತಿ ಕೊಡಲು ಹಿಂದೆಮುಂದೆ ನೋಡುವಂತಿಲ್ಲ. ಇವೆರಡನ್ನೂ ಒಪ್ಪಂದದಲ್ಲೇ ಬರೆಯಿಸಿ.

ಹಂತ 4: ರೋಗಿಗಳಿಗೆ ತಿಳಿಸಿ

ಸಾಕಷ್ಟು ಮುನ್ಸೂಚನೆ ಕೊಡದೆ ವೈದ್ಯರು ಚಿಕಿತ್ಸೆಯಿಂದ ಹಿಂದೆ ಸರಿಯಬಾರದು ಎಂಬುದು 2002ರ ನಿಯಮಾವಳಿಯಲ್ಲೇ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರೆ ಜಾಹೀರಾತಿನ ಆರೋಪ ಬರಬಹುದೆಂದು ಕೆಲವರು ಹಿಂಜರಿಯುತ್ತಾರೆ. ವಿಳಾಸ ಬದಲಾವಣೆ, ವೃತ್ತಿಯ ಸ್ವರೂಪದ ಬದಲಾವಣೆ, ಇನ್ನೊಬ್ಬರ ವೃತ್ತಿಯನ್ನು ವಹಿಸಿಕೊಳ್ಳುವುದು ಇವುಗಳ ಬಗ್ಗೆ ಔಪಚಾರಿಕ ಪ್ರಕಟಣೆಗೆ ಅದೇ ನಿಯಮಾವಳಿ ಅವಕಾಶ ಕೊಟ್ಟಿದೆ; ಹೊಗಳಿಕೆಯಿಲ್ಲದ ಸರಳ ಒಕ್ಕಣೆ ಇದ್ದರಾಯಿತು. ಬಾಗಿಲ ಬಳಿಯ ಫಲಕಕ್ಕೂ ಪತ್ರಿಕೆಗೂ ಹೊಂದುವ ಮಾದರಿ ಇಲ್ಲಿದೆ:

‘ಈ ಕ್ಲಿನಿಕ್ ಇದೇ ____ ತಿಂಗಳ ____ನೇ ತಾರೀಖಿನಿಂದ ಮುಚ್ಚಲಿದೆ. ಇಲ್ಲಿ ಚಿಕಿತ್ಸೆ ಪಡೆದವರು ತಮ್ಮ ದಾಖಲೆಗಳ ಪ್ರತಿಯನ್ನು ____ರವರೆಗೆ ಇಲ್ಲಿಯೇ, ಬೆಳಿಗ್ಗೆ 10ರಿಂದ 1ರವರೆಗೆ, ಗುರುತಿನ ಚೀಟಿ ತೋರಿಸಿ ಪಡೆಯಬಹುದು. ಅನಂತರ ದಾಖಲೆಗಳು ____ ಅವರ ವಶದಲ್ಲಿರುತ್ತವೆ. ವಿಳಾಸ: ____. ದೂರವಾಣಿ: ____. ತುರ್ತು ಚಿಕಿತ್ಸೆಗೆ ಹತ್ತಿರದ ಆಸ್ಪತ್ರೆ: ____.’

ಈ ಫಲಕ ಕನ್ನಡದಲ್ಲಿರಬೇಕು, ದೊಡ್ಡ ಅಕ್ಷರದಲ್ಲಿರಬೇಕು, ಗಡಿಭಾಗದಲ್ಲಿ ನೆರೆಭಾಷೆಯಲ್ಲೂ ಇರಬೇಕು. ಕ್ಲಿನಿಕ್ ಮುಚ್ಚಿದ ಮೇಲೂ ಕಟ್ಟಡದ ಮಾಲೀಕರನ್ನು ಕೇಳಿ ಕನಿಷ್ಠ ಆರು ತಿಂಗಳು ಅಲ್ಲೇ ಬಿಡಿ. ಪಕ್ಕದ ಮೆಡಿಕಲ್ ಸ್ಟೋರಿನಲ್ಲೂ ಒಂದು ಪ್ರತಿ ಅಂಟಿಸಿ, ಏಕೆಂದರೆ ಬಾಗಿಲು ಮುಚ್ಚಿರುವುದನ್ನು ಕಂಡವರು ಮೊದಲು ವಿಚಾರಿಸುವುದು ಅಲ್ಲೇ. ಚಿಕಿತ್ಸೆಯಲ್ಲಿರುವವರಿಗೆ ಫಲಕ ಸಾಲದು, ಒಬ್ಬೊಬ್ಬರಿಗೂ ಫೋನ್ ಮಾಡಿಸಿ. ಎಸ್‌ಎಂಎಸ್ ಕಳಿಸುವಾಗ ಕಾಯಿಲೆಯ ಹೆಸರು, ಔಷಧಿಯ ಹೆಸರು ಬರೆಯಬೇಡಿ. ಒಂದೇ ಮೊಬೈಲನ್ನು ಇಡೀ ಮನೆ ಬಳಸುವ ಕುಟುಂಬಗಳು ನಮ್ಮಲ್ಲಿ ಬಹಳ.

ಹಂತ 5: ಪ್ರತಿ ಕೊಡುವುದು

ಸತತ ಚಿಕಿತ್ಸೆಯಲ್ಲಿರುವವರಿಗೆ ಫೈಲಿನ ನೂರು ಪುಟದ ನೆರಳಚ್ಚಿಗಿಂತ ನೀವೇ ಬರೆದ ಒಂದು ಪುಟದ ಸಾರಾಂಶ ಹೆಚ್ಚು ಉಪಯುಕ್ತ. ಏನು ಕಾಯಿಲೆ, ಯಾವ ವರ್ಷದಿಂದ, ಈಗಿನ ಔಷಧಿ ಮತ್ತು ಪ್ರಮಾಣ, ಕೊನೆಯ ಪರೀಕ್ಷೆಯ ಫಲಿತಾಂಶ, ಮುಂದಿನ ಪರೀಕ್ಷೆ ಯಾವಾಗ ಎಂಬುದರ ಜೊತೆಗೆ ಯಾವುದು ಒಗ್ಗಲಿಲ್ಲ ಎಂಬುದನ್ನು ತಪ್ಪದೆ ಬರೆಯಿರಿ. ‘ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬಂದದ್ದರಿಂದ 2019ರಲ್ಲಿ ನಿಲ್ಲಿಸಿ ಬೇರೆ ಮಾತ್ರೆಗೆ ಬದಲಿಸಿದೆ’ ಎಂಬ ಒಂದು ಸಾಲು ಇಲ್ಲದಿದ್ದರೆ, ಹೊಸ ವೈದ್ಯರು ಅದೇ ಮಾತ್ರೆಯನ್ನು ಮತ್ತೆ ಬರೆದು, ಆ ಕೆಮ್ಮಿಗೆ ಎಕ್ಸ್‌ರೇ, ಕಫ ಪರೀಕ್ಷೆ ಎಂದು ರೋಗಿಯನ್ನು ಮತ್ತೆ ಮೊದಲಿನಿಂದ ಓಡಾಡಿಸಬೇಕಾಗುತ್ತದೆ. ಮೂವತ್ತು ವರ್ಷ ಒಂದೇ ಊರಿನಲ್ಲಿದ್ದ ವೈದ್ಯರ ತಲೆಯಲ್ಲಿರುವ ಇಂಥ ಸಂಗತಿಗಳು ಫೈಲಿನಲ್ಲಿ ಇರುವುದಿಲ್ಲ. ಅವನ್ನು ಕಾಗದಕ್ಕೆ ಇಳಿಸಲು ಈ ಮೂರು ತಿಂಗಳೇ ಅವಕಾಶ. ಬರವಣಿಗೆಯಲ್ಲಿ ನಿಮ್ಮದೇ ಸಂಕೇತಗಳನ್ನು ಬಳಸುವ ರೂಢಿಯಿದ್ದರೆ, ಅವುಗಳ ಅರ್ಥ ಬಿಡಿಸಿದ ಹಾಳೆಯೊಂದನ್ನು ಪಾಲಕರಿಗೆ ಕೊಡಿ.

ಪ್ರತಿ ಕೇಳಿದವರಿಂದ ಒಂದು ಸಣ್ಣ ಅರ್ಜಿ, ಗುರುತಿನ ಚೀಟಿಯ ಪ್ರತಿ, ಪಡೆದುಕೊಂಡದ್ದಕ್ಕೆ ಸಹಿ, ಈ ಮೂರನ್ನು ತೆಗೆದುಕೊಳ್ಳಿ. ನೆರಳಚ್ಚಿನ ವೆಚ್ಚ ಪಡೆಯಬಹುದು. ಬಾಕಿ ಬಿಲ್ಲಿದೆ ಎಂದು ದಾಖಲೆ ತಡೆಹಿಡಿಯಬೇಡಿ. ಕೊಡುವುದು ಪ್ರತಿಯನ್ನು, ಮೂಲ ನಿಮ್ಮ ಬಳಿ ಉಳಿಯಬೇಕು. ಎಕ್ಸ್‌ರೇ, ಎಂಆರ್‌ಐ ಫಿಲ್ಮುಗಳನ್ನು ಮಾತ್ರ ರೋಗಿಗೇ ಕೊಟ್ಟು ಸಹಿ ಪಡೆಯುವುದು ಒಳ್ಳೆಯದು.

ಬೇರೆಯವರು ಬಂದು ಕೇಳಿದಾಗ ಏನು ಮಾಡಬೇಕೆಂಬುದು ಕಷ್ಟದ ಪ್ರಶ್ನೆ. ‘ನನ್ನ ಹೆಂಡತಿಯ ರಿಪೋರ್ಟು, ನಾನೇ ತಗೊಂಡು ಹೋಗ್ತೀನಿ ಕೊಡಿ’ ಎಂದು ಗಂಡ ಕೇಳಿದರೆ ಸಂಕೋಚಕ್ಕೆ ಬಿದ್ದು ಕೊಟ್ಟುಬಿಡುವುದು ಸಾಮಾನ್ಯ. ವಯಸ್ಕ ರೋಗಿಯ ಸಹಿ ಇರುವ ಅಧಿಕಾರ ಪತ್ರವಿಲ್ಲದೆ ಗಂಡನಿಗಾಗಲಿ, ಹೆಂಡತಿಗಾಗಲಿ, ಅಣ್ಣತಮ್ಮಂದಿರಿಗಾಗಲಿ ಕೊಡಬಾರದು. ವಿಚ್ಛೇದನ, ಆಸ್ತಿ ವಿವಾದಗಳಲ್ಲಿ ಇಂಥ ಕಾಗದಗಳು ಆಯುಧವಾಗುತ್ತವೆ. ವಿಮಾ ಕಂಪನಿಯವರಿಗೂ ರೋಗಿಯ ಒಪ್ಪಿಗೆ ಬೇಕು. ಪೊಲೀಸರು ಕೇಳಿದರೆ ಲಿಖಿತ ಕೋರಿಕೆ ಪಡೆದು, ಕೊಟ್ಟ ಪುಟಗಳಿಗೆ ಸ್ವೀಕೃತಿ ಪಡೆಯಿರಿ. ಮೂಲವನ್ನೇ ಒಯ್ಯುವುದಾದರೆ ಪೂರ್ಣ ನೆರಳಚ್ಚನ್ನು ಮೊದಲು ತೆಗೆದಿಟ್ಟುಕೊಳ್ಳಿ.

ಹಂತ 6: ಕಂಪ್ಯೂಟರು, ಮೊಬೈಲು, ಯಂತ್ರ

ತಂತ್ರಾಂಶದ ಚಂದಾ ನಿಲ್ಲಿಸುವ ಮೊದಲು ಎಲ್ಲ ದಾಖಲೆಗಳನ್ನು ಪಿಡಿಎಫ್ ರೂಪದಲ್ಲೂ ರೋಗಿಗಳ ಸೂಚಿಯನ್ನು ಎಕ್ಸೆಲ್ ಹಾಳೆಯಾಗಿಯೂ ಇಳಿಸಿಕೊಳ್ಳಿ. ಆ ಕಂಪನಿಯ ಸರ್ವರಿನಲ್ಲಿ ಉಳಿದದ್ದನ್ನು ಅಳಿಸಿದ್ದಕ್ಕೆ ಇಮೇಲ್ ಮೂಲಕ ದೃಢೀಕರಣ ಪಡೆಯಿರಿ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪಾಸ್‌ವರ್ಡ್ ಹಾಕಿ ಉಳಿಸಿ, ಎರಡನ್ನೂ ಒಂದೇ ಕಟ್ಟಡದಲ್ಲಿ ಇಡಬೇಡಿ. ವರ್ಷಕ್ಕೊಮ್ಮೆ ತೆರೆದು ನೋಡಿ.

ಕ್ಲಿನಿಕ್ಕಿನ ಮೊಬೈಲ್ ಸಂಖ್ಯೆಯನ್ನು ಬೇಡವೆಂದು ಬಿಟ್ಟುಬಿಡುವುದು ದೊಡ್ಡ ತಪ್ಪು. ಸಂಪರ್ಕ ಕಡಿತವಾಗಿ 90 ದಿನ ಕಳೆದ ಮೇಲೆ ಆ ಸಂಖ್ಯೆ ಇನ್ನೊಬ್ಬರಿಗೆ ಹೋಗಬಹುದು. ಆಮೇಲೆ ನಿಮ್ಮ ಹಳೆಯ ರೋಗಿ ಕಳಿಸುವ ವರದಿ ಅಪರಿಚಿತರ ಕೈ ಸೇರುತ್ತದೆ. ಕನಿಷ್ಠ ಎರಡು ವರ್ಷ ಆ ಸಿಮ್ ಜೀವಂತವಾಗಿರಲಿ, ಪಾಲಕರ ವಿಳಾಸ ತಿಳಿಸುವ ಸ್ವಯಂ ಉತ್ತರವನ್ನು ವಾಟ್ಸಾಪ್ ಬಿಸಿನೆಸ್‌ನಲ್ಲಿ ಹಾಕಿಡಿ. ಗೂಗಲ್ ಖಾತೆಯೊಂದನ್ನು ಎರಡು ವರ್ಷ ಬಳಸದಿದ್ದರೆ ಅದರಲ್ಲಿರುವುದನ್ನೆಲ್ಲ ಅಳಿಸಿಹಾಕುವುದು ಆ ಕಂಪನಿಯ ನೀತಿ. ಡ್ರೈವ್‌ನಲ್ಲಿ ದಾಖಲೆ ಇಟ್ಟವರು ನೆನಪಿಡಿ.

ಸ್ಕ್ಯಾನಿಂಗ್ ಯಂತ್ರದೊಳಗೇ ಒಂದು ಹಾರ್ಡ್ ಡಿಸ್ಕ್ ಇದೆ. ಗರ್ಭಿಣಿಯರ ಹೆಸರು, ವಯಸ್ಸು, ಚಿತ್ರ ಎಲ್ಲ ಅದರಲ್ಲಿರುತ್ತವೆ. ಕಾನೂನಿನ ಅವಧಿಯ ಚಿತ್ರಗಳನ್ನು ಹೊರತೆಗೆದು ಉಳಿಸಿಕೊಂಡು, ಕಂಪನಿಯ ಎಂಜಿನಿಯರಿಂದ ಡಿಸ್ಕನ್ನು ಪೂರ್ತಿ ಅಳಿಸಿ ಪತ್ರ ಪಡೆಯಿರಿ. ಯಂತ್ರವನ್ನು ಪಿಸಿಪಿಎನ್‌ಡಿಟಿ ನೋಂದಣಿಯಿರುವ ಕೇಂದ್ರಕ್ಕೆ ಮಾತ್ರ, ಪ್ರಾಧಿಕಾರಕ್ಕೆ ತಿಳಿಸಿಯೇ ಮಾರಬೇಕು.

ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ ಮೂಲ ಸುಟ್ಟುಬಿಡುತ್ತೇನೆ ಎನ್ನುವವರಿಗೆ ಎರಡು ಮಾತು. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಆದ್ದರಿಂದ ಹಂತ 2ರಲ್ಲಿ ಹೇಳಿದ ಎರಡನೆಯ ಗುಂಪಿನ (ಎಂಎಲ್‌ಸಿ, ದೂರು, ವಿಮೆ ತಕರಾರಿನ) ಮೂಲಗಳನ್ನು ಎಂದೂ ಕಳೆದುಕೊಳ್ಳಬಾರದು. ಜೊತೆಗೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಕಾಗದದ ರಿಜಿಸ್ಟರಿಗೆ ಅನ್ವಯಿಸದಿದ್ದರೂ ಸ್ಕ್ಯಾನ್ ಮಾಡಿದ ಕ್ಷಣದಿಂದ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ ಜಾರಿಗೆ ಬರುತ್ತವೆ; ತಕ್ಕ ಭದ್ರತೆ ಇಡದಿದ್ದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ಹಂತ 7: ಇಡುವ ಜಾಗ

ಮಲೆನಾಡು, ಕರಾವಳಿಗಳಲ್ಲಿ ದಾಖಲೆಗೆ ಕಳ್ಳರಿಗಿಂತ ದೊಡ್ಡ ಶತ್ರು ಮಳೆಗಾಲ. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಬರುವುದು ಅಲ್ಲಿಂದಲೇ. ಕಬ್ಬಿಣದ ಬೀರು, ಬೀಗ, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ತೆರೆದು ಗಾಳಿಯಾಡಿಸುವುದು, ಇಷ್ಟು ಸಾಕು. ಇಸಿಜಿ ಪಟ್ಟಿ ಮತ್ತು ಸ್ಕ್ಯಾನಿಂಗ್ ಚಿತ್ರಗಳು ಶಾಖಕ್ಕೆ ಅಚ್ಚಾಗುವ ಥರ್ಮಲ್ ಕಾಗದದ ಮೇಲಿರುವುದರಿಂದ ಕೆಲವೇ ವರ್ಷಗಳಲ್ಲಿ ಮಾಸುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ, ಸೆಲ್ಲೋಟೇಪ್ ಅಂಟಿಸಿದರೆ ಇನ್ನೂ ಬೇಗ. ಅವನ್ನು ಸಾದಾ ಕಾಗದಕ್ಕೆ ನೆರಳಚ್ಚು ಮಾಡಿಸಿ ಫೈಲಿಗೆ ಸೇರಿಸಿ.

ಹಂತ 8: ಯಾರಿಗೆಲ್ಲ ತಿಳಿಸಬೇಕು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಅಡಿ ನೋಂದಣಿ ಮಾಡಿಸಿದ ಜಿಲ್ಲಾ ಪ್ರಾಧಿಕಾರಕ್ಕೆ ಪತ್ರ ಬರೆದು, ಅದರಲ್ಲಿ ದಾಖಲೆಗಳ ಪಾಲಕರ ಹೆಸರು ಮತ್ತು ವಿಳಾಸ ನಮೂದಿಸಿ. ಸ್ಕ್ಯಾನಿಂಗ್ ಕೇಂದ್ರವಿದ್ದರೆ ಪಿಸಿಪಿಎನ್‌ಡಿಟಿ ನೋಂದಣಿ ಪ್ರಮಾಣಪತ್ರದ ಎರಡೂ ಪ್ರತಿಗಳನ್ನು ಕೂಡಲೇ ಒಪ್ಪಿಸಬೇಕು. ಆ ನೋಂದಣಿ ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಹೊಸ ವಿಳಾಸ ತಿಳಿಸಿ. ವೃತ್ತಿ ಹೊಣೆ ವಿಮೆ ಮಾಡಿಸಿದ ಕಂಪನಿಯನ್ನೂ ಮರೆಯಬೇಡಿ: ಸಾಮಾನ್ಯವಾಗಿ ಈ ವಿಮೆಗಳು ದೂರು ಬಂದ ಕಾಲದಲ್ಲಿ ಪಾಲಿಸಿ ಚಾಲ್ತಿಯಲ್ಲಿದ್ದರೆ ಮಾತ್ರ ರಕ್ಷಣೆ ಕೊಡುತ್ತವೆ, ಆದ್ದರಿಂದ ಬಾಗಿಲು ಹಾಕಿದ ದಿನವೇ ಪಾಲಿಸಿ ನಿಲ್ಲಿಸಿದರೆ ಹಳೆಯ ಚಿಕಿತ್ಸೆಯ ದೂರಿಗೆ ರಕ್ಷಣೆ ಇರುವುದಿಲ್ಲ. ಎಲ್ಲ ಪತ್ರಗಳಿಗೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಹಂತ 9: ಅವಧಿ ಮುಗಿದ ಮೇಲೆ ನಾಶ

ಗುಜರಿಯವರಿಗೆ ಕೆಜಿ ಲೆಕ್ಕದಲ್ಲಿ ಹಾಕಬೇಡಿ. ಹೆಸರು, ಊರು, ಕಾಯಿಲೆ ಬರೆದಿರುವ ಹಾಳೆಯಲ್ಲಿ ಅಂಗಡಿಯವರು ಕಡಲೆಕಾಯಿ ಕಟ್ಟಿಕೊಡುವ ಊರುಗಳು ಇನ್ನೂ ಇವೆ. ಯಂತ್ರದಲ್ಲಿ ಚೂರು ಮಾಡಿಸಿ ಅಥವಾ ಕಾಗದದ ಕಾರ್ಖಾನೆಗೆ ನಿಮ್ಮೆದುರೇ ಅರೆಯಲು ಹಾಕಿಸಿ, ಅದನ್ನೊಂದು ರಿಜಿಸ್ಟರಿನಲ್ಲಿ ಬರೆಯಿರಿ. ‘ಪೆಟ್ಟಿಗೆ 14, ಹೊರರೋಗಿ ಫೈಲು 301ರಿಂದ 420, ಕೊನೆಯ ಭೇಟಿ 2018, ಎಂಎಲ್‌ಸಿ ಮತ್ತು ಮಕ್ಕಳ ಫೈಲು ಇಲ್ಲವೆಂದು ನೋಡಲಾಗಿದೆ, ಚೂರು ಮಾಡಿದ ದಿನಾಂಕ, ಇಬ್ಬರ ಸಹಿ’ ಎಂಬಷ್ಟು ವಿವರ ಸಾಕು. ಈ ರಿಜಿಸ್ಟರನ್ನೂ ಶಾಶ್ವತವಾಗಿ ಉಳಿಸಿಕೊಳ್ಳಬೇಕು.

ವೈದ್ಯರು ತೀರಿಕೊಂಡಿದ್ದರೆ

ಮನೆಯವರಿಗೆ ಈ ಹೊಣೆ ದುಃಖದ ನಡುವೆ ಬಂದು ಬೀಳುತ್ತದೆ. ಮೊದಲ ವಾರದಲ್ಲಿ ನೀವು ಮಾಡಬೇಕಾದದ್ದು ಮೂರೇ: ದಾಖಲೆ ಕೊಠಡಿಗೆ ಬೀಗ ಹಾಕಿ ಬೀಗದ ಕೈಯನ್ನು ಒಬ್ಬರೇ ಇಟ್ಟುಕೊಳ್ಳುವುದು, ಬಾಗಿಲಿಗೆ ಒಂದು ಫೋನ್ ಸಂಖ್ಯೆ ಬರೆದು ಅಂಟಿಸುವುದು, ಅವರ ಸ್ನೇಹಿತ ವೈದ್ಯರೊಬ್ಬರನ್ನೋ ಭಾರತೀಯ ವೈದ್ಯಕೀಯ ಸಂಘದ ಸ್ಥಳೀಯ ಶಾಖೆಯನ್ನೋ ಸಂಪರ್ಕಿಸಿ, ಲ್ಯಾಬಿನಿಂದ ಬರಬೇಕಾದ ವರದಿಗಳನ್ನು ನೋಡಿ ರೋಗಿಗಳಿಗೆ ತಿಳಿಸಲು ಕೇಳಿಕೊಳ್ಳುವುದು. ಫೈಲುಗಳನ್ನು ನೀವು ಓದಬೇಡಿ, ಯಾರಿಗೂ ವಿವರಿಸಲು ಹೋಗಬೇಡಿ, ಕಟ್ಟಡ ಖಾಲಿ ಮಾಡಿಕೊಡುವ ಅವಸರದಲ್ಲಿ ಕಾಂಪೌಂಡರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಡಿ. ಉಳಿದ ಹಂತಗಳನ್ನು ಆ ಸ್ನೇಹಿತ ವೈದ್ಯರ ನೆರವಿನಿಂದ ಮೇಲಿನ ಕ್ರಮದಲ್ಲೇ ಮಾಡಬಹುದು. ನ್ಯಾಯಾಲಯದಲ್ಲೋ ಆಯೋಗದಲ್ಲೋ ಪ್ರಕರಣವಿದ್ದರೆ ವಕೀಲರಿಗೂ ವಿಮಾ ಕಂಪನಿಗೂ ತಕ್ಷಣ ತಿಳಿಸಿ.

ಇನ್ನೂ ವೃತ್ತಿಯಲ್ಲಿರುವ ವೈದ್ಯರು, ವಯಸ್ಸು ಎಷ್ಟೇ ಇರಲಿ, ಈ ವಾರವೇ ಒಂದು ಹಾಳೆ ಬರೆದು ಮನೆಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಇಡಿ. ಅದರಲ್ಲಿ ಪಾಲಕರಾಗಲು ಒಪ್ಪಿರುವ ವೈದ್ಯರ ಹೆಸರು ಮತ್ತು ಫೋನ್ ಸಂಖ್ಯೆ, ಬೀರುವಿನ ಬೀಗದ ಕೈ ಇರುವ ಜಾಗ, ಕಂಪ್ಯೂಟರಿನ ಮತ್ತು ತಂತ್ರಾಂಶದ ಪಾಸ್‌ವರ್ಡ್, ಪರೀಕ್ಷೆಗೆ ಕಳಿಸುವ ಲ್ಯಾಬುಗಳ ಹೆಸರು, ನಡೆಯುತ್ತಿರುವ ಪ್ರಕರಣಗಳ ಸಂಖ್ಯೆ ಮತ್ತು ವಕೀಲರ ಹೆಸರು, ವಿಮಾ ಪಾಲಿಸಿಯ ಸಂಖ್ಯೆ ಇರಲಿ. ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಹಾಳೆಯನ್ನೂ ಬದಲಿಸಿ.